ಒಂಬತ್ತನೇ ಕಟ್ಟಡದಲ್ಲಿ ಯಾರೂ ಇಲ್ಲ

ಮಾನ್ಯ ವಸತಿ ಕಚೇರಿಯ ಮುಖ್ಯಸ್ಥರೇ,

ನನ್ನ ಗಂಡ ಬದುಕಬೇಕಾದರೆ ಗಾಳಿ ತೆಳುವಾದ ಈ ಬೆಟ್ಟದ ಮೇಲಿನ ಊರು ಬಿಟ್ಟು ಕೆಳಗೆ ಇಳಿಯಬೇಕು. ಇದು ನನ್ನ ಮಾತಲ್ಲ, ಇಲ್ಲಿಯ ಕಲ್ಲೆಣ್ಣೆ ಕಂಪನಿಯದೇ ಡಾಕ್ಟರರ ಮಾತು. ಇಳಿಯಲು ತಮ್ಮ ಅಪ್ಪಣೆ ಬೇಕು, ತಾವು ಕೊಡುತ್ತಿಲ್ಲ. ಕೊಡದಿರುವುದಕ್ಕೆ ತಾವು ಹೇಳುವ ಕಾರಣವೆಂದರೆ, ನಮ್ಮ ಹೇಶಿಗೌ ಊರಿನಲ್ಲಿ, ಅದರಲ್ಲೂ ಒಂಬತ್ತನೇ ಕಟ್ಟಡದಲ್ಲಿ, ಜನ ತುಂಬಿ ತುಳುಕುತ್ತಿದ್ದಾರೆ. ಅವರು ಎಷ್ಟು ಸಂತೋಷವಾಗಿದ್ದಾರೆಂದರೆ ಅಲ್ಲಿಂದ ಕದಲಿಸುವುದು ಅನ್ಯಾಯವಾದೀತು. ಇಷ್ಟೊಂದು ಕರುಣೆಯನ್ನು ತಡೆದುಕೊಳ್ಳುವ ಶಕ್ತಿ ನನ್ನ ಗಂಡನ ಹೃದಯಕ್ಕಿಲ್ಲ. ಕಚೇರಿಗೆ ಕೊಟ್ಟ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಹಾಗಾಗಿ ಈ ಪತ್ರವನ್ನು ಊರಿನ ಸಾರ್ವಜನಿಕ ಸ್ನಾನಗೃಹದ ಗೋಡೆಗೆ ಅಂಟಿಸುತ್ತಿದ್ದೇನೆ. ಊರಿನಲ್ಲಿ ಬಿಸಿನೀರು ಬರುವುದು ಅಲ್ಲಿ ಮಾತ್ರವಾದ್ದರಿಂದ ಉಳಿದವರೆಲ್ಲ ಅಲ್ಲಿಗೆ ಬಂದೇ ಬರುತ್ತಾರೆ. ಇನ್ನೊಂದು ಪ್ರತಿ ಕೆಳಗಿನ ಹೊಸ ಊರಿನಲ್ಲಿ, ತಮ್ಮ ಕಚೇರಿಯ ಎದುರಿನ ಬಸ್ ನಿಲ್ದಾಣದಲ್ಲಿದೆ. ತಾವು ಕಾರಿನಲ್ಲಿ ಓಡಾಡುವವರು, ಕಣ್ಣಿಗೆ ಬೀಳದಿರಬಹುದು. ತಮ್ಮ ಗುಮಾಸ್ತರು ಓದಿ ಹೇಳುತ್ತಾರೆ.

ನನ್ನ ಮುಖ ತಮಗೆ ನೆನಪಿಲ್ಲದಿದ್ದರೂ ದನಿ ಗೊತ್ತಿರಬೇಕು. ತಾವು ಇಲ್ಲಿಯ ಕಂಪನಿ ಶಾಲೆಯಲ್ಲೇ ಓದಿದವರೆಂದು ಕೇಳಿದ್ದೇನೆ. ಹಾಗಿದ್ದರೆ ದಿನಾ ಬೆಳಿಗ್ಗೆ ತಮ್ಮನ್ನು ಹಾಸಿಗೆಯಿಂದ ಎಬ್ಬಿಸಿದವಳು ನಾನೇ. ಬೀದಿಬೀದಿಯ ಕಂಬಗಳಿಗೆ ಕಟ್ಟಿದ್ದ ಧ್ವನಿವರ್ಧಕದಲ್ಲಿ ಯಾವ ಬಾವಿ ಎಷ್ಟು ಎಣ್ಣೆ ಕೊಟ್ಟಿತು, ಯಾರಿಗೆ ಪದಕ ಬಂತು, ಯಾರ ಕೋಳಿ ಕಳೆದುಹೋಯಿತು, ಹೆಂಗಸರಿಗೆ ಸ್ನಾನಗೃಹ ಯಾವಾಗ ತೆರೆಯುತ್ತದೆ ಎಂದು ಓದುತ್ತಿದ್ದವಳು ನಾನು. ಇಡೀ ಊರಿಗೆ ಕೇಳುವಂತೆ ಮಾತನಾಡಿ ಅಭ್ಯಾಸ. ಆದ್ದರಿಂದ ಈ ಪತ್ರ ಸ್ವಲ್ಪ ಜೋರಾಗಿದ್ದರೆ ಮನ್ನಿಸಬೇಕು.

ಊರಿನ ಚರಿತ್ರೆಯನ್ನು ತಮಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಹೊಸ ಊರಿನಲ್ಲಿ ತಾವು ಕಟ್ಟಿಸಿದ ಸಂಗ್ರಹಾಲಯದಲ್ಲಿ ಅದು ಬೇರೆ ರೀತಿ ಇದೆ. ಅಲ್ಲಿ ಒಂದು ಗುಂಡಿಮನೆ, ಅದರೊಳಗೆ ಮೇಣದ ಕಾರ್ಮಿಕ, ಅವನ ಕೆನ್ನೆ ಗುಂಡಗುಂಡಗೆ. ನಿಜವಾದ ಗುಂಡಿಮನೆಯಲ್ಲಿ ಮಲಗಿ ಎದ್ದವರ ಕೆನ್ನೆ ಹಾಗಿರಲಿಲ್ಲ. ನನ್ನ ಗಂಡ ಕಾಂಗ್ ದೆಶೆಂಗ್ ಸಿಚುವಾನಿನಿಂದ ಬಂದಾಗ ಮೀಸೆ ಮೂಡಿರಲಿಲ್ಲ. ಗೋಬಿಯ ಜಲ್ಲಿನೆಲದಲ್ಲಿ ಗುಂಡಿ ತೋಡಿ, ಮೇಲೆ ಕಂಬಳಿ ಹೊದಿಸಿ, ಹಗಲು ಬಾವಿ ಕೊರೆದು ರಾತ್ರಿ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಮಲಗುತ್ತಿದ್ದರು. ಕುಡಿಯುವ ನೀರು ಒಂಟೆಯ ಮೇಲೆ ಬರುತ್ತಿತ್ತು. ಆಮೇಲೆ ಎಣ್ಣೆ ಚಿಮ್ಮಿತು, ಅದರ ಹಿಂದೆಯೇ ಎಲ್ಲವೂ ಬಂತು. ಹುಟ್ಟುವುದಕ್ಕೆ ಕಂಪನಿಯ ಆಸ್ಪತ್ರೆ, ಓದುವುದಕ್ಕೆ ಕಂಪನಿಯ ಶಾಲೆ, ಮದುವೆಗೆ ಕಂಪನಿಯ ಸಭಾಭವನ, ಗಂಡಹೆಂಡಿರ ಜಗಳ ಬಿಡಿಸುವುದಕ್ಕೂ ಕಂಪನಿಯದೇ ಸಮಿತಿ. ನಮ್ಮ ಕಡೆ ಶಾಂಡೋಂಗಿನ ಹಳ್ಳಿಗಳಲ್ಲಿ ಎಣ್ಣೆ ಕಂಪನಿಯ ಗಂಡೆಂದರೆ ಸಾಕು, ಹುಡುಗಿಯರು ಮುಖ ನೋಡದೆಯೂ ಒಪ್ಪುತ್ತಿದ್ದರು. ನಾನು ಫೋಟೋ ನೋಡಿ ಒಪ್ಪಿದೆ. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಫೋಟೋ ಅವರ ಜತೆಗಾರನದು. ಅಷ್ಟು ಹೊತ್ತಿಗೆ ವಾಪಸು ಹೋಗುವ ಲಾರಿ ಹೊರಟುಹೋಗಿತ್ತು, ಒಳ್ಳೆಯದೇ ಆಯಿತು.

ಹೊಳೆಯದೆ ಹೋದದ್ದು ಒಂದೇ. ಎಲ್ಲವೂ ಕಂಪನಿಯದು ಎಂದು ನಾವು ಹೆಮ್ಮೆಪಡುತ್ತಿದ್ದೆವು. ಎಲ್ಲವೂ ಕಂಪನಿಯದಾದರೆ ಹೊರಡುವಾಗ ಎಲ್ಲವನ್ನೂ ಎತ್ತಿಕೊಂಡು ಹೋಗುವ ಹಕ್ಕೂ ಅದಕ್ಕಿದೆ ಎಂದು ಯಾರೂ ಯೋಚಿಸಲಿಲ್ಲ. ಎಣ್ಣೆ ಬತ್ತುತ್ತ ಬಂತು. ಮೊದಲು ಕಚೇರಿ ಕೆಳಗಿಳಿಯಿತು, ಆಮೇಲೆ ಶಾಲೆ, ಆಮೇಲೆ ಆಸ್ಪತ್ರೆ. ಉಳಿದದ್ದು ಒಬ್ಬ ಡಾಕ್ಟರು, ಒಂದು ಆಮ್ಲಜನಕದ ಸಿಲಿಂಡರು, ಮತ್ತು ನಾವು. ಕೆಳಗೆ ಒಳ್ಳೆಯ ಗಾಳಿ, ಮರಗಿಡ, ದೊಡ್ಡ ಆಸ್ಪತ್ರೆ ಎಲ್ಲ ಇದೆ, ಸಂತೋಷ. ಆದರೆ ಅಲ್ಲಿಯ ಪ್ರತಿ ಮನೆಯೂ ಕಂಪನಿಯದು. ತಮ್ಮ ಅಪ್ಪಣೆಯಿಲ್ಲದೆ ಇಳಿದವರಿಗೆ ಮನೆಯಿರಲಿ, ಮಂಚವೂ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಮೇಲಿನವರು ಮೇಲೆಯೇ ತೋರಿಸಿಕೊಳ್ಳಿ ಎನ್ನುತ್ತಾರೆ. ಸುತ್ತ ಬೇಲಿ ಇಲ್ಲ ಎಂದು ತಾವು ಹೇಳಬಹುದು. ನಾಲ್ಕೂ ದಿಕ್ಕಿಗೆ ಗೋಬಿ ಇರುವಾಗ ಬೇಲಿಗೆ ತಂತಿ ದಂಡ.

ಇನ್ನು ಒಂಬತ್ತನೇ ಕಟ್ಟಡದ ವಿಷಯ. ನಮ್ಮಲ್ಲೊಂದು ರೂಢಿಯಿದೆ. ಅಪ್ಪಣೆ ಸಿಕ್ಕಿ ಕೆಳಗಿಳಿಯುವವರು ಮನೆಯ ಬೀಗದ ಕೈಯನ್ನು ಉಳಿದವರ ಕೈಯಲ್ಲಿ ಕೊಟ್ಟು ಹೋಗುತ್ತಾರೆ. ಹೊಸವರ್ಷಕ್ಕೆ ಉಳಿದವರು ತಮ್ಮ ಬಾಗಿಲಿಗೆ ಕೆಂಪು ಕಾಗದದ ಶುಭಾಶಯ ಅಂಟಿಸುವಾಗ ಹೋದವರ ಬಾಗಿಲಿಗೂ ಅಂಟಿಸುತ್ತಾರೆ. ಆ ದಿನ ಬರಿದಾಗಿರುವ ಬಾಗಿಲೆಂದರೆ ಸಾವಾದ ಮನೆ. ಊರು ಬಿಟ್ಟವರನ್ನು ಸತ್ತವರ ಸಾಲಿಗೆ ಸೇರಿಸುವುದಕ್ಕೆ ನಮಗೆ ಮನಸ್ಸು ಬರುವುದಿಲ್ಲ. ನಮ್ಮ ಕಟ್ಟಡದ ಬೀಗದ ಕೈಗಳೆಲ್ಲ ಎದುರುಮನೆಯ ಗುಯೀಯಿಂಗಳ ಹತ್ತಿರ. ಸ್ನಾನಗೃಹದಲ್ಲಿ ಚೀಟಿ ಹರಿಯುತ್ತಿದ್ದವಳು, ಬಾಯಿ ಜೋರು, ಮನಸ್ಸು ಬೆಣ್ಣೆ.

ಹೋದ ವರ್ಷ ಚಳಿ ಶುರುವಾಗುವ ಮುಂಚೆ ತಮ್ಮ ಕಚೇರಿಯ ಪ್ರಕಟಣೆ ಬಂತು. ಅರ್ಧಕ್ಕಿಂತ ಕಡಿಮೆ ಮನೆಗಳಲ್ಲಿ ಜನರಿರುವ ಕಟ್ಟಡಗಳಿಗೆ ಮನೆಗಳನ್ನು ಬೆಚ್ಚಗಿಡುವ ಕೊಳವೆಯ ಶಾಖ ನಿಲ್ಲಿಸುತ್ತೇವೆ, ಅಲ್ಲಿಯವರು ಇಪ್ಪತ್ತನೇ ಕಟ್ಟಡಕ್ಕೆ ಹೋಗಬೇಕು ಎಂದು. ಇಪ್ಪತ್ತರಲ್ಲಿ ನಮಗೆ ತೋರಿಸಿದ್ದು ಐದನೇ ಮಹಡಿ. ನನ್ನ ಗಂಡನಿಗೆ ಆಗಲೇ ಹೃದಯ ಊದಿಕೊಂಡಿತ್ತು. ಅಡುಗೆಮನೆಯಿಂದ ಹಾಸಿಗೆಯವರೆಗೆ ಬರುವುದರೊಳಗೆ ನಡುವೆ ಒಂದು ಕುರ್ಚಿ ಬೇಕಾಗುತ್ತಿತ್ತು. ಐದು ಮಹಡಿ ಹತ್ತುವುದೆಲ್ಲಿ? ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಗುಯೀಯಿಂಗ್ ಬೀಗದ ಕೈಗಳ ಗೊಂಚಲು ಅಲ್ಲಾಡಿಸಿಕೊಂಡು ಒಳಗೆ ಬಂದಳು.

“ಸೂಯುನಕ್ಕಾ, ಆಫೀಸ್ನೋರಿಗೆ ಜನ ಬೇಕು ತಾನೇ? ಕೊಡೋಣ ಬಿಡಿ.”

“ಜನಾನ ಎಲ್ಲಿಂದ ತರ್ತೀಯೇ?”

“ಜನ ಯಾಕೆ? ಜನ ಇದ್ದಂಗೆ ಕಂಡ್ರೆ ಸಾಕು. ಅವ್ರೇನು ಮೇಲೆ ಹತ್ತಿ ಬರ್ತಾರಾ? ಕಾರಿಂದ ಇಳಿದ್ರೆ ಕಿವಿ ಹೆಪ್ಪುಗಟ್ಟುತ್ತೆ ಅವ್ರಿಗೆ.”

ಉಳಿದಿದ್ದ ಕೆಲವೇ ಮನೆಯವರು ಸೇರಿ ಆ ಕೆಲಸ ಮಾಡಿದೆವು. ಖಾಲಿ ಮನೆಗಳ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದೆವು, ಜನರಿರುವ ಮನೆಗಳಲ್ಲಿ ಇಡುವಂತೆ ಕಿಟಕಿಗಳಲ್ಲಿ ಚಳಿಗಾಲದ ಎಲೆಕೋಸು ಜೋಡಿಸಿದೆವು, ಸಂಜೆ ಒಂದೊಂದು ಮನೆಗೂ ಹೋಗಿ ದೀಪ ಹಾಕಿ ಬಂದೆವು. ಕೆಂಪು ಕಾಗದವಂತೂ ಎಲ್ಲ ಬಾಗಿಲಿಗೂ ಹೇಗೂ ಇತ್ತು. ಬಟ್ಟೆ ಸಾಲದೆ ನನ್ನ ಗಂಡನದನ್ನೇ ಎಲ್ಲ ಕಡೆ ಹಂಚಿದ್ದೆ. ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿ ಹೇಳಿದರು, “ಎರಡನೇ ಮಹಡೀಲೂ ನನ್ನ ಚಡ್ಡಿ, ಮೂರನೇದ್ರಲ್ಲೂ ನನ್ನ ಚಡ್ಡಿ. ಇಡೀ ಕಟ್ಟಡಕ್ಕೆ ಒಬ್ನೇ ಗಂಡಸು ಅಂತ ಗೊತ್ತಾಗುತ್ತೆ ಕಣೇ.” ಬಹಳ ದಿನಗಳ ಮೇಲೆ ಅವರು ನಕ್ಕದ್ದು ಆವತ್ತು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ನಾನು ಬೆನ್ನು ನೀವಬೇಕಾಯಿತು.

ತಮ್ಮ ಪರಿಶೀಲಕರು ಬಂದರು. ಗುಯೀಯಿಂಗ್ ಹೇಳಿದಂತೆ ಮೇಲೆ ಹತ್ತಲಿಲ್ಲ. ಅಂಗಳದಲ್ಲಿ ನಿಂತು ಕೋಸು ನೋಡಿದರು, ಬಟ್ಟೆ ನೋಡಿದರು, ಫೋಟೋ ಹೊಡೆದುಕೊಂಡು ಹೋದರು. ಶಾಖ ಉಳಿಯಿತು. ಆ ಚಳಿಗಾಲ ನನ್ನ ಗಂಡ ಬದುಕಿ ಉಳಿದದ್ದು ಆ ಕೋಸುಗಳ ದೆಸೆಯಿಂದ. ಹೌದು, ನಾವು ತಮ್ಮ ಕಣ್ಣಿಗೆ ಮಣ್ಣೆರಚಿದೆವು. ಮುಚ್ಚುಮರೆಯಿಲ್ಲದೆ ಗೋಡೆಯ ಮೇಲೆ ಬರೆದು ಹೇಳುತ್ತಿದ್ದೇನೆ, ನಾಚಿಕೆಯೂ ಇಲ್ಲ. ಬೆಚ್ಚಗಿರಬೇಕಾದರೆ ಕಟ್ಟಡ ತುಂಬಿರಬೇಕು ಎಂಬ ನಿಯಮ ಮಾಡಿದವರು ನಾವಲ್ಲ. ಕಟ್ಟಡ ಖಾಲಿ ಮಾಡಿಸಿದವರೂ ನಾವಲ್ಲ.

ಆದರೆ ಫೋಟೋಗಳು ತಮ್ಮ ಮೇಜಿಗೆ ಹೋಗುತ್ತವೆ, ತಾವು ಅವನ್ನು ನಂಬುತ್ತೀರಿ ಎಂದು ನಮ್ಮ ತಲೆಗೆ ಹೊಳೆಯಲಿಲ್ಲ. ಕಚೇರಿಯವರು ಕಾಗದ ನಂಬುತ್ತಾರೆಂದು ಗೊತ್ತಿತ್ತು, ಎಲೆಕೋಸನ್ನೂ ನಂಬುತ್ತಾರೆಂದು ಗೊತ್ತಿರಲಿಲ್ಲ. ವಸಂತದಲ್ಲಿ ತಾವೇ ಬಂದಿರಿ. ಒಂಬತ್ತನೇ ಕಟ್ಟಡದ ಮುಂದೆ ಬ್ಯಾಂಡು ಬಾರಿಸಿತು. ಹಳೆಯ ಎಣ್ಣೆನಗರದ ಜನ ತಮ್ಮ ಮಣ್ಣನ್ನು ಬಿಟ್ಟುಕೊಡಲೊಲ್ಲರು, ಇಲ್ಲಿ ಜೀವಕಳೆ ಮರಳಿದೆ ಎಂದು ಭಾಷಣ ಮಾಡಿದಿರಿ. ನಾವು ಚಪ್ಪಾಳೆ ತಟ್ಟಿದೆವು, ಬಿಸಿಲಿತ್ತು, ಕೈಗೆ ಕೆಲಸವಿರಲಿಲ್ಲ. ಮರುವಾರ ತಿಳಿಯಿತು, ಕಾಯಿಲೆಯವರನ್ನೂ ನಿವೃತ್ತರನ್ನೂ ಕೆಳಗಿಳಿಸುವ ಮುಂದಿನ ಕಂತು ರದ್ದಾಗಿದೆ. ಜೀವಕಳೆ ಇರುವ ಊರನ್ನು ಖಾಲಿ ಮಾಡುವುದೇಕೆ? ಆ ಕಂತಿನಲ್ಲಿ ಕಾಂಗ್ ದೆಶೆಂಗ್ ಎಂಬ ಹೆಸರಿತ್ತು. ನಮಗೆಂದು ಕಟ್ಟಿಸಿದ್ದ ಮನೆಗಳು ಯಾರಿಗೆ ಹೋದವೆಂದು ನಾನು ಕೇಳುವುದಿಲ್ಲ. ಅವುಗಳ ಬಾಲ್ಕನಿಯಲ್ಲಿ ಒಣಗುತ್ತಿರುವ ಬಟ್ಟೆ ನಿಜವಾದದ್ದು ಎಂದಷ್ಟೇ ಬಸ್ಸಿನಿಂದ ಕಂಡಿತು.

ಏಕೆಂದರೆ ನಾನು ಆ ಬಸ್ಸು ಹಿಡಿದು ತಮ್ಮ ಬಳಿಗೆ ಬಂದಿದ್ದೆ. ತಾವು ಮರೆತಿರಬಹುದು. ಬಂದವಳಿಗೆ ತಾವೇ ಎದ್ದು ಕುಡಿಯಲು ಬಿಸಿನೀರು ಬಗ್ಗಿಸಿ ಕೊಟ್ಟಿರಿ, ಆ ಮರ್ಯಾದೆಯನ್ನು ನಾನು ಮರೆತಿಲ್ಲ.

“ಮುಖ್ಯಸ್ಥರೇ, ಆ ಮನೆಗಳಲ್ಲಿ ಯಾರೂ ಇಲ್ಲ,” ಎಂದೆ.

“ಏನಮ್ಮಾ ಹೀಗಂತೀರ? ನಾನೇ ಕಣ್ಣಾರೆ ನೋಡಿದೀನಿ. ಕಿಟಕಿ ಕಿಟಕೀಲೂ ಕೋಸು.”

“ಆ ಕೋಸು ಇಟ್ಟೋಳು ನಾನೇ.”

ತಾವು ಚಹಾದ ಲೋಟದ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದಿರಿ. “ಹಾಗಾದ್ರೆ ಯಾರೂ ಇಲ್ಲ ಅಂತ ಬರೆದುಕೊಡಿ. ಈ ಸಲ ಶಾಖ ನಿಲ್ಲಿಸಿಬಿಡ್ತೀವಿ.”

“ನಿಲ್ಸಿದ್ರೆ ನಮ್ಮನೆಯೋರು ಉಳಿಯಲ್ಲ.”

“ಅಂದ್ರೆ ಜನ ಇದಾರೆ ಅಂತಾಯ್ತಲ್ಲ. ಜನ ಇರೋ ಕಟ್ಟಡದೋರು ಕೆಳಗೆ ಯಾಕೆ ಬರ್ಬೇಕು? ಎರಡ್ರಲ್ಲಿ ಒಂದು ಹೇಳಿ ತಾಯಿ, ನಾನು ಏನಂತ ಬರ್ಕೊಳ್ಳಲಿ?”

ಸಿಟ್ಟಿನಿಂದ ಹೇಳಲಿಲ್ಲ ತಾವು. ಸಿಟ್ಟು ಮಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಮೇಲೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಜನರಿದ್ದಾರೆ ಎಂದರೆ ನನ್ನ ಗಂಡ ಈ ತೆಳುಗಾಳಿಯಲ್ಲಿ ಉಸಿರುಗಟ್ಟಿ ಸಾಯಬೇಕು. ಇಲ್ಲ ಎಂದರೆ ಚಳಿಯಲ್ಲಿ ಸಾಯಬೇಕು. ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಕಾಯಿಲೆ, ಅವನು ಕೆಳಗಿಳಿಯಬೇಕು, ಇಳಿಯುವವರೆಗೆ ಬೆಚ್ಚಗಿರಬೇಕು. ಇಷ್ಟು ಸರಳವಾದ ಮಾತನ್ನು ಬರೆದುಕೊಳ್ಳಲು ಅಷ್ಟು ದೊಡ್ಡ ಕಚೇರಿಯಲ್ಲಿ ಜಾಗವಿಲ್ಲವೇ? ಹಳೆಯ ಕಾಲದಲ್ಲಿ ಕಚೇರಿಯವರು ನನಗೆ ಓದಲು ಕೊಡುತ್ತಿದ್ದ ಉತ್ಪಾದನೆಯ ವರದಿಯಲ್ಲಿ ಬರೀ ನೀರು ಬರುತ್ತಿದ್ದ ಬಾವಿಗಳೂ ಎಣ್ಣೆ ಕೊಡುತ್ತಿದ್ದವು. ಆಗ ಯಾರೂ ಯಾರನ್ನೂ ಎರಡರಲ್ಲಿ ಒಂದು ಹೇಳಿ ಎನ್ನಲಿಲ್ಲ.

ಈಗ ಮತ್ತೆ ಚಳಿ ಬರುತ್ತಿದೆ. ಊರಿನ ಹಿಂದಿನ ಬೆಟ್ಟದ ತುದಿ ಬೆಳ್ಳಗಾಗಿದೆ. ಹಿಮ ಬಿದ್ದರೆ ಬಸ್ಸು ನಿಲ್ಲುತ್ತದೆ. ನನ್ನ ಗಂಡ ಮಲಗಲಾರರು, ಎರಡು ದಿಂಬಿಗೆ ಒರಗಿ ಕೂತೇ ನಿದ್ದೆ. ತುಟಿ ನೀಲಿ, ಪಾದ ಊದಿ ಬೂಟಿನೊಳಗೆ ಹೋಗುವುದಿಲ್ಲ. ಇರುವ ಒಂದು ಸಿಲಿಂಡರಿಗೆ ನಾಲ್ಕು ಮನೆಯವರು ಸರದಿ ಕಾಯುತ್ತೇವೆ. ಮೊನ್ನೆ ಅವರು, “ನೆಲದೊಳಗಿಂದ ಅಷ್ಟೆಲ್ಲ ಎಳೆದು ತೆಗೆದೆ ಸೂಯುನ್, ಈಗ ಒಂದು ಉಸಿರು ಎಳ್ಕೊಳ್ಳೋಕೆ ಆಗ್ತಿಲ್ಲ,” ಎಂದರು. ಸುಮ್ಮನಿರಿ, ಮಾತಾಡಿ ಗಾಳಿ ದಂಡ ಮಾಡಬೇಡಿ ಎಂದು ಗದರಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ನನಗೆ ಭಯವಾಗುತ್ತಿದೆ, ಮಾನ್ಯರೇ. ಧ್ವನಿವರ್ಧಕದಲ್ಲಿ ಓದುವಾಗ ಎಂದೂ ನಡುಗದ ನನ್ನ ದನಿ ಈಗ ಅವರಿಗೆ ಗಂಜಿ ಕುಡಿಯಿರಿ ಎನ್ನುವಾಗ ನಡುಗುತ್ತದೆ.

ಕಳೆದ ತಿಂಗಳು ಏಳನೇ ಕಟ್ಟಡದ ಯಾನ್ ಎಂಬ ಹಳೆಯ ಪಂಪು ರಿಪೇರಿಯವರು ತೀರಿಕೊಂಡರು. ಅವರೂ ಅಪ್ಪಣೆಗೆ ಕಾದು ಕೂತವರೇ. ದಹನಗೃಹ ಇರುವುದು ಕೆಳಗೆ. ಬೆಳಿಗ್ಗೆ ಫೋನು ಮಾಡಿದರೆ ಮಧ್ಯಾಹ್ನದೊಳಗೆ ಕಂಪನಿಯ ವ್ಯಾನು ಬಂತು. ಚಾಲಕ, ಹೊರುವುದಕ್ಕೆ ಇಬ್ಬರು ಹುಡುಗರು, ತಮ್ಮ ಕಚೇರಿಯ ಹೆಸರು ಬರೆದ ಹೂವಿನ ಚಕ್ರ. ಅರ್ಜಿ ಕೇಳಲಿಲ್ಲ, ಕಂತು ಕೇಳಲಿಲ್ಲ, ಕಟ್ಟಡದಲ್ಲಿ ಎಷ್ಟು ಜನರಿದ್ದಾರೆಂದು ಕೇಳಲಿಲ್ಲ. ಯಾನ್ ಅವರ ಹೆಂಡತಿ ವ್ಯಾನಿನ ಬಾಗಿಲು ಹಿಡಿದು ನಿಂತು, “ಅಂತೂ ಇಳಿದ್ರಲ್ಲಪ್ಪಾ ನೀವು,” ಎಂದಳು.

ಆದ್ದರಿಂದ ಮನೆ ಕೇಳುವುದನ್ನು ಬಿಟ್ಟಿದ್ದೇನೆ. ಮಹಡಿ ಕೇಳುವುದಿಲ್ಲ, ಬಾಲ್ಕನಿ ಕೇಳುವುದಿಲ್ಲ. ಒಂಬತ್ತನೇ ಕಟ್ಟಡದಲ್ಲಿ ಜನರಿದ್ದಾರೆಂದು ಬರೆದುಕೊಳ್ಳುತ್ತೀರೋ ಇಲ್ಲವೆಂದು ಬರೆದುಕೊಳ್ಳುತ್ತೀರೋ ತಮ್ಮಿಷ್ಟ. ಹಿಮ ಬೀಳುವ ಮುಂಚೆ ಆ ವ್ಯಾನನ್ನು ನಮ್ಮ ಬಾಗಿಲಿಗೆ ಕಳಿಸಿ, ಆಸ್ಪತ್ರೆಯ ಮುಂದೆ ನಿಲ್ಲಿಸಲು ಚಾಲಕನಿಗೆ ಹೇಳಿ. ನನ್ನ ಗಂಡ ಅವನ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಹೊರುವ ಹುಡುಗರು ಬೇಡ, ಹೂವಿನ ಚಕ್ರವೂ ಬೇಡ. ತಾವು ಹೇಗೂ ಕೊಡಲಿರುವ ವ್ಯಾನು ಅದು. ಸ್ವಲ್ಪ ಬೇಗ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ.

ಇಂತಿ,
ಒಂಬತ್ತನೇ ಕಟ್ಟಡದಲ್ಲಿ ನಿಜವಾಗಿಯೂ ವಾಸವಿರುವ
ಗೂ ಸೂಯುನ್