ಮೂಕಚಿತ್ರಕ್ಕೆ ಇರಾವತಿ ಕೊಟ್ಟ ಮಾತು

ಗದಗ, ಹದಿಮೂರನೆಯ ತಿಂಗಳ ಒಂಬತ್ತನೇ ತಾರೀಖು, 2214

ಇನ್ನೂರು ವರ್ಷಗಳ ಹಿಂದೆ ಬದುಕಿರುವ ಹಿರಿಯರಿಗೆ,

ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹದಿಮೂರನೆಯ ತಿಂಗಳು ಎಲ್ಲಿಂದ ಬಂತೆಂದು ವಿವರಿಸಲು ಕೂತರೆ ಹೇಳಬೇಕಾದ ಕತೆ ಹಿಂದೆ ಬೀಳುತ್ತದೆ.

ನಮ್ಮೂರಲ್ಲಿ ನುಡಿಮನೆ ಎಂಬುದೊಂದಿದೆ. ಬಿಸಿಲು ಕುಡಿದು ದೀಪಕ್ಕೆ ಉಣಿಸುವ ಬಿಸಿಲುಬಟ್ಟೆಯ ಚಪ್ಪರದಡಿ ಜನ ಗಿರಮಿಟ್ ತಿನ್ನುತ್ತ ನಿಮ್ಮ ಅಜ್ಜಂದಿರ ಕಾಲದ ಮೂಕಚಿತ್ರಗಳನ್ನು ನೋಡುತ್ತಾರೆ. ಪರದೆಯ ಪಕ್ಕ ನಿಂತು ಪಾತ್ರಗಳಿಗೆ ಮಾತು ಕೊಡುವವರೇ ನುಡಿಗಾರರು. ಯಂತ್ರಗಳು ಯಾರ ದನಿಯಲ್ಲಾದರೂ ಮಾತಾಡಬಲ್ಲ ಈ ಕಾಲದಲ್ಲಿ, ಮನುಷ್ಯರು ತಡವರಿಸುತ್ತ ಆಡುವ ಮಾತಿಗೇ ಜನ ಮುಗಿಬೀಳುತ್ತಾರೆ. ನಾನು ಅಲ್ಲಿ ಹಾರ್ಮೋನಿಯಂ ನುಡಿಸುವವಳು.

ನಮ್ಮ ಅಚ್ಚುಮೆಚ್ಚಿನ ಚಿತ್ರ ‘ಸರಸೂಬಾಯಿಯ ಟ್ರಂಕು’. ಸಂಸಾರ ಬೇಸರವಾದಾಗಲೆಲ್ಲ ಸರಸೂಬಾಯಿ ಟ್ರಂಕು ಕಟ್ಟುತ್ತಾಳೆ, ಗಂಡ ಮರ್ಯಾದೆಯಿಂದ ಅದನ್ನು ಸ್ಟೇಶನ್ನಿಗೆ ಹೊತ್ತು ತರುತ್ತಾನೆ, ರೈಲು ತಪ್ಪುತ್ತದೆ. ಆ ನಟಿಯ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಬರೀ ಭುಜ ಕುಣಿಸಿ ಆಕೆ ನಗಿಸುವ ಬಗೆಗೆ ನಾನು ಇಂದಿಗೂ ಬೆರಗಾಗುತ್ತೇನೆ. ಕೊನೆಗೊಮ್ಮೆ ರೈಲು ಸಿಗುತ್ತದೆ. ಟ್ರಂಕು ಗಂಡನ ತಲೆಯ ಮೇಲೆಯೇ ಉಳಿಯುತ್ತದೆ. ಕಿಟಕಿಯಿಂದ ಬಾಗಿ ಆಕೆ ಏನೋ ಹೇಳುತ್ತಾಳೆ. ಆ ಮಾತು ಬರೆದಿದ್ದ ಫಲಕ ಚಿತ್ರದಲ್ಲಿ ಉಳಿದಿಲ್ಲ.

ನುಡಿಗಾರ್ತಿ ಇರಾವತಿ ಅಲ್ಲಿ ಯಾವಾಗಲೂ “ನನ್ನ ಟ್ರಂಕ್ ಕೊಡ್ರಿ!” ಎನ್ನುತ್ತಿದ್ದಳು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಗಂಡನ ಪಾತ್ರಕ್ಕೆ ದನಿ ಕೊಡುತ್ತಿದ್ದವನು ಆಕೆಯ ಸ್ವಂತ ಗಂಡ ಮಡಿವಾಳಪ್ಪ. ಪರದೆಯ ಪಕ್ಕ ಮಾತಿನ ಮಲ್ಲ, ಮನೆಯಲ್ಲಿ ಮೂಕ. ಇರಾವತಿ ಕಾರವಾರದ ತೇಲೂರಿನಲ್ಲಿ, ಅಂದರೆ ಸಮುದ್ರದ ಮೇಲೆ ಕಟ್ಟಿದ ಊರಿನಲ್ಲಿ, ಕೆಲಸ ಹಿಡಿದಿದ್ದಳು. ಒಂದು ಮಧ್ಯಾಹ್ನ ಆಟಕ್ಕೆ ಮುಂಚೆ ನನ್ನೆದುರೇ ಗಂಡನಿಗೆ ಹೇಳಿದಳು:

“ನಾಳೆ ಹೊಂಟೇನ್ರಿ. ತಡೀಬ್ಯಾಡ್ರಿ.”

“ತಡಿಯಂಗಿಲ್ಲ,” ಎಂದ ಮಡಿವಾಳಪ್ಪ, ಅಷ್ಟೇ.

ಆಟ ನಡೆಯಿತು. ರೈಲು ಹೊರಟಿತು. ಸರಸೂಬಾಯಿಯ ತುಟಿಗಳು ಅಲುಗಿದವು. ಇರಾವತಿ ಟ್ರಂಕಿನ ಮಾತೆತ್ತಲಿಲ್ಲ.

“ನಿಮ್ಮ ಮ್ಯಾಲ ಬ್ಯಾಸರಿಲ್ಲ ನನಗ. ಅದ ಮನಿ, ಅದ ಓಣಿ, ನೀವು ಒಂದು ಮಾತೂ ಆಡದ ಉಣ್ಣೂದು, ಅದು ಬ್ಯಾಸರ. ಒಬ್ಬಾಕೀನ ಹೋಗಬೇಕಂತ ನಾ ಯಾವಾಗ ಅಂದಿದ್ದೆ? ನೀವೂ ಹತ್ರಿ!”

ನನ್ನ ಬೆರಳುಗಳು ಹಾರ್ಮೋನಿಯಂ ಮೇಲೇ ನಿಂತವು. ಪರದೆಯ ಗಂಡ ಬಾಯಿ ತೆರೆದ, ದನಿ ಬರಲಿಲ್ಲ. ದೃಶ್ಯ ಬದಲಾಗಿ, ಪೊಲೀಸಪ್ಪನೊಬ್ಬ ಬಾಳೆಹಣ್ಣು ಸುಲಿಯತೊಡಗಿದ. ಆ ಪೊಲೀಸಪ್ಪನ ಬಾಯಿಂದಲೇ ಮಡಿವಾಳಪ್ಪನ ದನಿ ಕೇಳಿತು:

“ಕರದರ ಬರಬೇಕಂತ ಕುಂತಿದ್ದೆ, ಇರಾವತಿ. ನೀ ಕರೀಲೇ ಇಲ್ಲ.”

ಜನ ನಕ್ಕರು, ಅತ್ತರು, ಚಪ್ಪರ ಹಾರುವಂತೆ ಚಪ್ಪಾಳೆ ತಟ್ಟಿದರು. ಮರುದಿನ ಇಬ್ಬರೂ ಹೋದರು. ತೇಲೂರಿನಲ್ಲಿ ಅಲೆಯ ಸದ್ದಿಗೆ ಇರಾವತಿಗೆ ಮತ್ತೆ ಬೇಸರ ಬಂತು. ಜಗಳವಾಡಿಕೊಂಡೇ ಬೀದರಿಗೆ ಹೋದರು, ಅಲ್ಲಿಂದ ಇನ್ನೆಲ್ಲಿಗೋ. ಅವರ ಸಂಸಾರ ಒಂದು ಕಡೆ ನೆಲೆ ನಿಂತದ್ದೇ ಇಲ್ಲ. ಎಷ್ಟೋ ವರ್ಷಗಳ ಮೇಲೆ, ಹೋದ ವಾರ ಇಬ್ಬರೂ ಬಂದಿದ್ದರು, ಕೂದಲು ಹಣ್ಣಾಗಿದೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಅಷ್ಟು ಸೊಗಸಾದ ಗದ್ದಲವನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಫೋನುಗಳಲ್ಲಿ ಮದುವೆಯ ನಗುಮುಖಗಳು ಬೇಕಾದಷ್ಟಿವೆ, ಬಲ್ಲೆ. ಗಂಡಹೆಂಡಿರು ಮುನಿಸಿಕೊಂಡು ಕೂತ ಚಿತ್ರಗಳನ್ನೂ ಅಳಿಸದೆ ಬಿಟ್ಟುಹೋಗಿ. ಅವುಗಳಿಗೆ ಮಾತು ಕೊಡಲು ಇಲ್ಲಿ ನಾವಿದ್ದೇವೆ.

ರುದ್ರಮ್ಮ ಹೊಂಬಳ