ತಣಿಯುವಾಗ ಕಂಡ ಬಣ್ಣ

ಪ್ರಯೋಗಾಲಯದ ಹೊರಮೆಟ್ಟಿಲು
ಮಂಗಳವಾರ, ಜುಲೈ 9

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನೂ ಪಾಪುವೂ ನಿನ್ನನ್ನು ಮಲಗಲು ಬಿಡುತ್ತಿದ್ದಾರೆಯೇ? ಪಾಪುವಿಗೆ ನನ್ನ ಮೂಗು ಬಂದಿದೆಯೆಂದು ಅಕ್ಕ ದೂರುತ್ತಿದ್ದಾಳಂತೆ. ಬೆಳೆದಂತೆ ಸರಿಹೋಗುತ್ತದೆ ಎನ್ನು. ನನ್ನದು ಸರಿಹೋಗಲಿಲ್ಲ ಎನ್ನಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಡುಗೆ ಅಪ್ಪನದು. ಒಂದು ದಿನ ಉಪ್ಪು ಎರಡು ಸಲ ಬೀಳುತ್ತದೆ, ಮರುದಿನ ಬೀಳುವುದೇ ಇಲ್ಲ.

ಇನ್ನು ಸುದ್ದಿ. ನಾನು ದ್ರವಸ್ಫಟಿಕ ಮಾಡಹೊರಟಿದ್ದೆನಲ್ಲ, ಟಿವಿ ಪರದೆಯೊಳಗೆ ಇರುವಂಥದು. ನೀರಿನಂತೆ ಹರಿಯುತ್ತದೆ, ಆದರೂ ಒಳಗಿನ ಕಣಗಳೆಲ್ಲ ಒಂದೇ ದಿಕ್ಕಿಗೆ ಸಾಲುಗಟ್ಟಿರುತ್ತವೆ. ಸಾಲಿದ್ದರೆ ಮಾತ್ರ ನಮ್ಮ ಸೂಕ್ಷ್ಮದರ್ಶಕದಲ್ಲಿ ಬಣ್ಣ ಕಾಣುತ್ತದೆ. ನನ್ನ ಬಿಳಿ ಪುಡಿಯೋ, ಕಾಯಿಸಿದರೆ ಕರಗಿ ನೇರ ಸಾಲೇ ಇಲ್ಲದ ನೀರಾಗುತ್ತಿತ್ತು. ನೋಡಿದರೆ ಬರೀ ಕಪ್ಪು. ಹೋದ ವಾರ ನಮ್ಮ ಮೇಡಂ, "ಸಾಕು ಬಿಟ್ಬಿಡಮ್ಮ, ಇದ್ರಲ್ಲಿ ಏನೂ ಇಲ್ಲ" ಅಂದುಬಿಟ್ಟರು. ಎರಡು ವರ್ಷದ ಕೆಲಸ ಮಣ್ಣುಪಾಲಾಯಿತು ಎಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಿನ್ನೆ ಎಲ್ಲವನ್ನೂ ತೊಳೆದಿಡುವ ಮುನ್ನ ಕೊನೆಯದಾಗಿ ಒಮ್ಮೆ ಕಾಯಿಸಿ, ಅದೇ ಕಪ್ಪನ್ನು ನೋಡಿ, ಹೀಟರ್ ಆರಿಸಿ ಎದ್ದೆ. ಅಷ್ಟರಲ್ಲಿ ಊಟದ ಡಬ್ಬಿ ತಂದ ಅಪ್ಪ ನನ್ನ ಕುರ್ಚಿಯಲ್ಲಿ ಕೂತು ಕಣ್ಣಿಟ್ಟರು. "ಏನೂ ಕಾಣ್ಸಲ್ಲ ಅಂದ್ಯಲ್ಲೇ, ಇಲ್ಲಿ ಬಣ್ಣಬಣ್ಣ ಹರೀತಿದೆ!" ತಮಾಷೆ ಅಂದುಕೊಂಡೆ. "ಬೇಗ ಬಾರೇ, ಮಾಯ ಆಗ್ತಿದೆ" ಅಂದಾಗ ಓಡಿಬಂದು ಅವರನ್ನು ತಳ್ಳಿಯೇ ನೋಡಿದೆ. ನಿಜ! ದಾರದೆಳೆಗಳಂತೆ ಓಲಾಡುವ ಬಣ್ಣ. ಕಣ್ಣೆದುರೇ ಗಟ್ಟಿಯಾಗಿಬಿಟ್ಟಿತು. ಕಾಯುವಾಗ ಬಾರದ್ದು ತಣಿಯುವಾಗ ಅರೆಗಳಿಗೆ ಬಂದುಹೋಗುತ್ತಿತ್ತು, ಅಮ್ಮಾ; ನಾವು ಕಾಯುವಾಗ ಮಾತ್ರ ನೋಡುತ್ತಿದ್ದೆವು.

ಮೇಡಂ ಬಂದು ತಾವೇ ಮತ್ತೆ ಮತ್ತೆ ಕಾಯಿಸಿ, ನಿಧಾನವಾಗಿ ತಣಿಸಿದರು. ಪ್ರತಿ ಸಲವೂ ಅದೇ ಶಾಖಕ್ಕೆ ಬಣ್ಣ ಬಂತು. ಕನ್ನಡಕ ತೆಗೆದು, "ನಾನೇ ಅವಸರ ಮಾಡ್ದೆ ಕಣಮ್ಮ. ಇದು ಇನ್ನಷ್ಟು ಹೊತ್ತು ನಿಲ್ಲೋ ಹಾಗೆ ಮಾಡ್ತೀಯಾ?" ಅಂದರು. ಮಾಡ್ತೀನಿ ಅಂದೆ. ಖುಷಿಗೆ ಅಪ್ಪ ಅವರಿಗೂ ಊಟ ಬಡಿಸಿದರು. ಅದು ಉಪ್ಪು ಎರಡು ಸಲ ಬಿದ್ದ ದಿನ. ಪಾಪ, ತುತ್ತಿಗೊಂದು ಗುಟುಕು ನೀರು ಕುಡಿಯುತ್ತ ತಿಂದರು.

ಅಕ್ಕನಿಗೆ ಪ್ರೀತಿ, ಪಾಪುವಿನ ಅಂಗಾಲಿಗೊಂದು ಮುತ್ತು, ನಿನಗೆ ನಮಸ್ಕಾರ.

ನಿನ್ನ ಚಿಕ್ಕವಳು

ಮರೆತ ಮಾತು: ಮರೆತದ್ದಲ್ಲ, ಹೆದರಿ ಕೊನೆಗಿಟ್ಟದ್ದು. ಅಕ್ಕನ ಮನೆ ಹತ್ತಿರದ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಗೊತ್ತುಮಾಡಿದ್ದೀಯಲ್ಲ, ನಾನು ಬರುವುದಿಲ್ಲ ಎಂದು ಅವರಿಗೆ ಹೇಳಿಬಿಡು. ಕೋಪ ಬಂದರೆ ಫೋನಿನಲ್ಲಿ ಬೈಯಬೇಡ, ಇಲ್ಲಿಗೇ ಬಂದು ಬೈ. ನಿನ್ನನ್ನು ನೋಡಿ ಬಹಳ ದಿನವಾಯಿತು.