ಅತ್ತೆಯನ್ನು ಸಂದರ್ಶನ ಮಾಡಿದ ಆಯ್ಕೆ ಸಮಿತಿಗೆ

ಸಮಾಜಸೇವಾ ಸಂಸ್ಥೆಯ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಜಿಲ್ಲಾ ಸಂಯೋಜಕರ ಹುದ್ದೆಯನ್ನು ನೀವು ನನಗೆ ಕೊಡಲಿಲ್ಲ. ಕಾರಣ ನನ್ನ ಕೆಲಸವಲ್ಲ, ನನ್ನ ಮನೆಯ ಒಲೆ. ಇದನ್ನು ನಿಮ್ಮ ಕೋಣೆಯಲ್ಲಿ ಹೇಳಿದರೆ ಫ್ಯಾನಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

"ಮಹಿಳಾ ಅಭ್ಯರ್ಥಿಗಳು ಮನೆಯವರ ಒಪ್ಪಿಗೆಯೊಂದಿಗೆ ಬರತಕ್ಕದ್ದು" ಎಂದು ನಿಮ್ಮ ಕಚೇರಿಯಿಂದ ಫೋನ್ ಬಂತು. ಗಂಡಸರಿಗೆ ಈ ಭಾಗ್ಯ ಇರಲಿಲ್ಲ. ಒಪ್ಪಿಗೆಯನ್ನು ಕಾಗದದಲ್ಲಿ ಯಾಕೆ ತರಬೇಕು ಎಂದು ಎಲ್ಲೂರಿನಿಂದ ನನ್ನ ಅತ್ತೆಯನ್ನೇ ಉಡುಪಿ ಬಸ್ಸು ಹತ್ತಿಸಿದೆ. ಸಂದರ್ಶನದ ಕೋಣೆಯಲ್ಲಿ ಅವರನ್ನು ಕಂಡು ನೀವು ಬೆಚ್ಚಿಬಿದ್ದಿರಿ. ಆದರೂ ಬಿಟ್ಟಿರಾ? ಏಟು ತಿಂದ ಹೆಂಗಸರ ಪರವಾಗಿ ಠಾಣೆಯ ಮೆಟ್ಟಿಲು ಹತ್ತಿದ, ಶಾಲೆ ಬಿಟ್ಟ ಹುಡುಗಿಯರನ್ನು ಮತ್ತೆ ಸೇರಿಸಿದ ನನ್ನ ಅಷ್ಟು ವರ್ಷಗಳ ಬಗ್ಗೆ ಒಂದು ಮಾತೂ ಕೇಳದೆ, ಅತ್ತೆಯ ಕಡೆ ತಿರುಗಿದಿರಿ.

"ಅಮ್ಮಾ, ಇವರು ಕಾರ್ಕಳ, ಕಾಪು ಅಂತ ತಿರುಗಿದರೆ ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?"

"ನನ್ನ ಮಗ ದುಬೈಯ ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ ಬೇಯಿಸಿ ಹಾಕಿ ಬಂದವ. ನಮಗೆ ಮೂವರಿಗೆ ಮಾಡ್ಲಿಕ್ಕೆ ಎಂತ ಕಷ್ಟ ಉಂಟು ಮಾರಾಯ್ರೆ? ಅದಿರಲಿ, ನಿಮಗೆ ಬಡಿಸುವುದು ಯಾರು?"

"ನನ್ನ ಹೆಂಡತಿ."

"ಹಾಗಾದ್ರೆ ಇಲ್ಲಿ ಕೂತುಕೊಳ್ಳಲಿಕ್ಕೆ ಅವರ ಒಪ್ಪಿಗೆ ತಂದಿದ್ದೀರಿ, ಅಲ್ವಾ?"

ಸಮಿತಿಯ ಚಹಾ ಲೋಟಗಳೆಲ್ಲ ಒಮ್ಮೆಗೇ ತುಟಿಗೇರಿದವು. "ಒಳ್ಳೆಯ ಅತ್ತೆ ಸಿಕ್ಕಿದ್ದಾರೆ, ಪುಣ್ಯವಂತೆ ನೀವು" ಎಂದು ನನ್ನನ್ನು ಹೊಗಳಿ, ಹುದ್ದೆಯನ್ನು ಪ್ರಖ್ಯಾತ್‌ಗೆ ಕೊಟ್ಟಿರಿ. ಅವನು ಮಣಿಪಾಲದಲ್ಲಿ ಓದುತ್ತಿದ್ದಾಗ ನನ್ನ ಕೈಕೆಳಗೆ ಕೆಲಸ ಕಲಿತವ. ಒಳ್ಳೆಯವನೇ. ಅವನಿಗೆ ನೀವು ಕೇಳಿದ್ದು ಒಂದೇ ಪ್ರಶ್ನೆಯಂತೆ: ಬೈಕ್ ಉಂಟಾ?

ಮೊನ್ನೆ ಅದೇ ಸಂಯೋಜಕರು ಕಾಪುವಿನಿಂದ ಫೋನ್ ಮಾಡಿದರು. "ಮೇಡಂ, ಗಂಡ ಹೊಡೀತಾನೆ ಅಂತ ದೂರು ಕೊಟ್ಟ ಹೆಂಗಸು ನನಗೆ ಬಾಗಿಲೇ ತೆಗೀತಿಲ್ಲ. ಸ್ವಲ್ಪ ಬರ್ತೀರಾ?"

ಹೋದೆ. ಆಗ ಮನೆಯವರ ಒಪ್ಪಿಗೆ ಯಾರಿಗೂ ಬೇಕಾಗಲಿಲ್ಲ. ಆಕೆ ಬಾಗಿಲು ತೆರೆದಳು. ನಾನು ಒಳಗೆ ಹೋದೆ. ಹುದ್ದೆ ಅಂಗಳದಲ್ಲಿ ಬೈಕಿನ ಪಕ್ಕ ನಿಂತಿತ್ತು.

ಬಾಗಿಲು ತೆರೆಸಲು ಹೆಣ್ಣು, ಕುರ್ಚಿಯಲ್ಲಿ ಕೂರಲು ಗಂಡು. ಸ್ವಾಮಿ, ನೀವು ನಡೆಸುತ್ತಿರುವುದು ಸಮಾಜಸೇವೆಯನ್ನೋ, ನಿಮ್ಮ ಮನೆಯ ಅಡುಗೆಕೋಣೆಯ ಶಾಖೆಯನ್ನೋ?

ಈ ಆಯ್ಕೆಯನ್ನು ರದ್ದು ಮಾಡಿ. ಎಲ್ಲರಿಗೂ ಒಂದೇ ರೀತಿಯ ಪ್ರಶ್ನೆ ಕೇಳಿ ಮತ್ತೆ ಸಂದರ್ಶನ ನಡೆಸಿ. ಅಡುಗೆಯ ಪ್ರಶ್ನೆ ಬಿಡಲು ಮನಸ್ಸಿಲ್ಲದಿದ್ದರೆ ಪ್ರಖ್ಯಾತ್‌ನನ್ನೂ ಕೇಳಿ. ಅವನಿಗೆ ಗಂಜಿ ಬೇಯಿಸಲೂ ಬಾರದು, ನನಗೆ ಗೊತ್ತುಂಟು. ಅತ್ತೆ ಈಗಾಗಲೇ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದಾರೆ. ಈ ಸಲ ಒಪ್ಪಿಗೆ ಕೊಡಲು ಬರುವುದಿಲ್ಲವಂತೆ. ನಿಮ್ಮ ಹೆಂಡತಿ ಕೊಟ್ಟ ಒಪ್ಪಿಗೆಯನ್ನು ನೋಡಲು ಬರುತ್ತಾರಂತೆ.

ಇಂತಿ,
ಬಾಗಿಲು ತೆರೆಸಲು ಮಾತ್ರ ಅರ್ಹಳಾದ
ಸ್ವರ್ಣಲತಾ, ಎಲ್ಲೂರು